ಸ್ಮೋಕಿ ಬೆಟ್ಟಗಳ ಪಾಳುಮನೆಗಳು

ಮಗನೋ ಮಗಳೋ ಅಟ್ಲಾಂಟಾದಲ್ಲೋ ಷಾರ್ಲಟ್‌ನಲ್ಲೋ ಕೆಲಸದಲ್ಲಿದ್ದು, ಅವರ ಜೊತೆ ಕೆಲವು ತಿಂಗಳು ಇದ್ದು ಬರುವ ತಂದೆತಾಯಂದಿರು ಈಗ ನಮ್ಮ ಊರೂರಲ್ಲೂ ಇದ್ದಾರೆ. ಶನಿವಾರ ಭಾನುವಾರ ಬಂತೆಂದರೆ ಮಕ್ಕಳು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಜಾಗಗಳಲ್ಲಿ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ ಒಂದು. ಟೆನೆಸ್ಸಿ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳ ಗಡಿಯ ಮೇಲೆ ಹಬ್ಬಿದ ಬೆಟ್ಟಸಾಲು ಅದು. ಐದು ಲಕ್ಷ ಎಕರೆಗೂ ಮಿಕ್ಕಿದ ಕಾಡು. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಭೇಟಿಗಳು ದಾಖಲಾಗುತ್ತವೆ. ಅಮೆರಿಕದ ಬೇರೆ ಯಾವ ರಾಷ್ಟ್ರೀಯ ಉದ್ಯಾನಕ್ಕೂ ಇಷ್ಟು ಜನ ಹೋಗುವುದಿಲ್ಲ. ಹೋಗಿ ಬಂದವರು ಕರಡಿ ಕಂಡದ್ದನ್ನು ಹೇಳುತ್ತಾರೆ, ಅಕ್ಟೋಬರಿನಲ್ಲಿ ಎಲೆಗಳು ಕೆಂಪಾಗುವುದನ್ನು ಹೇಳುತ್ತಾರೆ, ಬೆಳಗಿನ ಮಂಜನ್ನು ಹೇಳುತ್ತಾರೆ. ನಾನು ಇವತ್ತು ಹೇಳಹೊರಟಿರುವುದು ಅಲ್ಲಿನ ಪಾಳುಮನೆಗಳ ವಿಷಯ.

ಟೆನೆಸ್ಸಿ ಬದಿಯಲ್ಲಿ ಶುಗರ್‌ಲ್ಯಾಂಡ್ಸ್ ಎಂಬ ಮಾಹಿತಿ ಕೇಂದ್ರವಿದೆ. ಅಲ್ಲಿಂದ ಗ್ಯಾಟ್ಲಿನ್‌ಬರ್ಗ್ ಪಟ್ಟಣದ ಕಡೆಗೆ ಒಂದು ಕಾಲುದಾರಿ ಹೊರಡುತ್ತದೆ. ಒಂದು ಕಡೆಗೆ ಮೂರು ಕಿಲೋಮೀಟರು, ಹೆಚ್ಚು ಏರಿಳಿತವಿಲ್ಲ, ಪಕ್ಕದಲ್ಲೇ ಹೊಳೆ. ನಡೆಯುತ್ತಾ ಹೋದಂತೆ ಮರಗಳ ನಡುವೆ ಒಂದು ಕಲ್ಲಿನ ಹೊಗೆಗೂಡು ಕಾಣುತ್ತದೆ. ಗೋಡೆಯಿಲ್ಲ, ಸೂರಿಲ್ಲ, ನೆಲದಿಂದ ನೇರವಾಗಿ ಎದ್ದ ಹೊಗೆಗೂಡು, ಅದರ ಬುಡದಲ್ಲಿ ಬಾಯಿ ತೆರೆದ ಒಲೆ. ಕಾಡಿನ ನಡುವೆ ಒಲೆ ಏಕೆ ಎಂದು ಯಾರಿಗಾದರೂ ಅನ್ನಿಸಬೇಕು. ಆ ಸೀಮೆಯ ಮನೆಗಳ ಗೋಡೆ ಮರದ್ದು, ಹೊಗೆಗೂಡು ಕಲ್ಲಿನದು. ಮರ ಕೊಳೆತು ಮಣ್ಣಾಯಿತು, ಕೆಲವು ಮನೆಗಳನ್ನು ಕಿತ್ತುಹಾಕಿದರು, ಕೆಲವನ್ನು ಸುಟ್ಟರು. ಕಲ್ಲು ಉಳಿಯಿತು.

ಒಂದು ಸಲ ಕಣ್ಣು ಪಳಗಿತೆಂದರೆ ಆಮೇಲೆ ಎಲ್ಲೆಲ್ಲೂ ಮನೆಗಳು ಕಾಣತೊಡಗುತ್ತವೆ. ಪೋರ್ಟರ್ಸ್ ಕ್ರೀಕ್ ಎಂಬ ತೊರೆಯ ದಾರಿಯಲ್ಲಿ ಪಾಚಿ ಹಿಡಿದ ಕಲ್ಲಿನ ಪೌಳಿಗಳಿವೆ; ಹೊಲದಿಂದ ಆಯ್ದ ಕಲ್ಲನ್ನೇ ಗಾರೆಯಿಲ್ಲದೆ ಪೇರಿಸಿ ಕಟ್ಟಿದವು. ದಾರಿಯ ಬದಿಯಿಂದ ಕಲ್ಲಿನ ಮೆಟ್ಟಿಲುಗಳು ಮೇಲೆ ಹತ್ತುತ್ತವೆ, ಮೇಲೆ ಹೋದರೆ ಮನೆಯಿಲ್ಲ. ಮಾರ್ಚ್ ತಿಂಗಳಲ್ಲಿ ಬರಿದಾದ ಕಾಡಿನ ನಡುವೆ ಹಳದಿ ಡ್ಯಾಫೊಡಿಲ್ ಹೂಗಳು ಸಾಲಾಗಿ ಅರಳಿರುತ್ತವೆ. ಅದು ಆ ಕಾಡಿನ ಗಿಡವಲ್ಲ. ಯಾರೋ ಗೃಹಿಣಿ ಬಾಗಿಲ ಮುಂದೆ ಗೆಡ್ಡೆ ಊರಿದ್ದು, ಆಕೆ ಹೊರಟುಹೋಗಿ ತೊಂಬತ್ತು ವರ್ಷ ಕಳೆದರೂ ಪ್ರತಿ ವರ್ಷ ಹೂ ಬಿಡುತ್ತಿದೆ. ಸಮತಟ್ಟಾದ ಜಾಗದಲ್ಲಿ ಟ್ಯೂಲಿಪ್ ಪಾಪ್ಲರ್ ಮರಗಳು ಒಂದೇ ದಪ್ಪ, ಒಂದೇ ಎತ್ತರದಲ್ಲಿ ನೆಟ್ಟಗೆ ನಿಂತಿದ್ದರೆ ಅದು ಬಹುಮಟ್ಟಿಗೆ ಹಳೆಯ ಹೊಲ. ಉಳುಮೆ ನಿಂತ ನೆಲಕ್ಕೆ ಮೊದಲು ಬರುವ ಮರ ಅದು. ಮೆಕ್ಕೆಜೋಳ ಬೆಳೆಯುತ್ತಿದ್ದ ನೆಲವೇ ಇಂದು ನಮಗೆ ಅನಾದಿ ಕಾಲದ ಅರಣ್ಯದಂತೆ ಕಾಣುತ್ತದೆ.

ಈ ಜನ ಏಕೆ ಹೋದರು? ಯೆಲ್ಲೋಸ್ಟೋನ್‌ನಂಥ ಪಶ್ಚಿಮದ ಉದ್ಯಾನಗಳನ್ನು ಮಾಡಿದ್ದು ಸರ್ಕಾರದ ಕೈಯಲ್ಲೇ ಇದ್ದ ಜಮೀನಿನಲ್ಲಿ. ಸ್ಮೋಕಿ ಬೆಟ್ಟಗಳಲ್ಲಿ ಹಾಗಿರಲಿಲ್ಲ. ಬಹುಪಾಲು ಕಾಡು ಮರದ ಕಂಪನಿಗಳ ವಶದಲ್ಲಿತ್ತು, ಅವು ಬೆಟ್ಟದ ತುದಿಯವರೆಗೆ ರೈಲುಹಳಿ ಹಾಕಿ ಮರ ಸಾಗಿಸುತ್ತಿದ್ದವು. ಮಿಕ್ಕಿದ್ದು ಸಾವಿರಕ್ಕೂ ಹೆಚ್ಚು ಸಣ್ಣ ರೈತರ ಹೊಲ ಮನೆ. ಕಾಡು ಪೂರ್ತಿ ಬೋಳಾಗುವ ಮೊದಲು ಉಳಿಸಬೇಕು ಎಂಬ ಕೂಗು 1920ರ ದಶಕದಲ್ಲಿ ಎದ್ದಿತು. 1926ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿತು, ಆದರೆ ಜಮೀನು ಕೊಳ್ಳಲು ಹಣ ಕೊಡಲಿಲ್ಲ. ಎರಡೂ ರಾಜ್ಯಗಳು ತಲಾ ಇಪ್ಪತ್ತು ಲಕ್ಷ ಡಾಲರ್ ಕೊಟ್ಟವು. ಶಾಲೆಯ ಮಕ್ಕಳು ಚಿಲ್ಲರೆ ಕಾಸು ಕೂಡಿಸಿ ಕೊಟ್ಟರು. ಸಾಲದಾದಾಗ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ತಮ್ಮ ತಾಯಿಯ ನೆನಪಿಗೆಂದು ಐವತ್ತು ಲಕ್ಷ ಡಾಲರ್ ತೊಡಗಿಸಿದರು. ಹೀಗೆ ಆರು ಸಾವಿರಕ್ಕೂ ಹೆಚ್ಚು ತುಂಡು ಜಮೀನುಗಳನ್ನು ಒಂದೊಂದಾಗಿ ಕೊಂಡು, ಕೊಡದವರಿಂದ ಕಾನೂನಿನ ಬಲದಿಂದ ಪಡೆದು, 1934ರಲ್ಲಿ ಉದ್ಯಾನ ಸ್ಥಾಪನೆಯಾಯಿತು. 1940ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನ್ಯೂಫೌಂಡ್ ಗ್ಯಾಪ್ ಎಂಬ ಕಣಿವೆಯ ನೆತ್ತಿಯಲ್ಲಿ ನಿಂತು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು.

ಇಲ್ಲಿ ಇನ್ನೂ ಹಳೆಯ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ರೈತರ ಅಜ್ಜಂದಿರು ಅಲ್ಲಿಗೆ ಬರುವ ಮೊದಲು ಅದು ಚೆರೋಕಿ ಜನರ ನೆಲ. 1819ರ ಒಪ್ಪಂದದಲ್ಲಿ ಚೆರೋಕಿಗಳು ಈ ಬೆಟ್ಟಗಳ ದೊಡ್ಡ ಭಾಗವನ್ನು ಕಳೆದುಕೊಂಡರು. 1838ರಲ್ಲಿ ಅವರಲ್ಲಿ ಬಹುಪಾಲು ಜನರನ್ನು ಸೈನಿಕರು ಪಶ್ಚಿಮಕ್ಕೆ ಅಟ್ಟಿದರು, ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಉಳಿದ ಕೆಲವರ ಸಂತತಿ ಇಂದಿಗೂ ಉದ್ಯಾನದ ದಕ್ಷಿಣದ ಅಂಚಿನಲ್ಲಿದೆ. ಅಲ್ಲಿನ ಅತಿ ಎತ್ತರದ ಶಿಖರಕ್ಕೆ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕ್ಲಿಂಗ್‌ಮನ್ಸ್ ಡೋಮ್ ಎಂಬ ಹೆಸರಿತ್ತು. ಚೆರೋಕಿಗಳ ಕೋರಿಕೆಯ ಮೇಲೆ 2024ರಲ್ಲಿ ಅವರ ಹಳೆಯ ಹೆಸರು ಕುವೋಹಿ ಎಂಬುದನ್ನು ಮರಳಿ ಇಟ್ಟರು. ಪಾಳುಬಿದ್ದ ಒಲೆಯ ಮುಂದೆ ನಿಂತಾಗ ಅದರ ಕೆಳಗೆ ಇನ್ನೊಂದು ಒಲೆ ಇದ್ದೀತು ಎಂಬುದು ನೆನಪಿನಲ್ಲಿರಬೇಕು.

ಇನ್ನು ಗೋಡೆ ಸೂರು ಉಳಿದಿರುವ ಮನೆಗಳು. ಉದ್ಯಾನದಲ್ಲಿ ತೊಂಬತ್ತಕ್ಕೂ ಹೆಚ್ಚು ಹಳೆಯ ಕಟ್ಟಡಗಳನ್ನು ಕಾಪಾಡಿದ್ದಾರೆ. ಗ್ಯಾಟ್ಲಿನ್‌ಬರ್ಗ್‌ನ ಹತ್ತಿರವೇ ನೋವಾ ಓಗಲ್ ಎಂಬ ರೈತನ ಮನೆಯಿದೆ. ಊರಿನವರು ಆತನನ್ನು ಬಡ್ ಎನ್ನುತ್ತಿದ್ದರು. 1880ರ ಆಸುಪಾಸಿನ ಮನೆ. ಮೊದಲು ಒಂದು ಕೋಣೆ, ಸಂಸಾರ ಬೆಳೆದ ಮೇಲೆ ಅದೇ ಹೊಗೆಗೂಡಿನ ಇನ್ನೊಂದು ಬದಿಗೆ ಮತ್ತೊಂದು ಕೋಣೆ. ಒಂದು ಹೊಗೆಗೂಡು, ಎರಡು ಕಡೆ ಒಲೆ. ದಿಮ್ಮಿಗಳ ಮೇಲೆ ಕೊಡಲಿಯ ಏಟಿನ ಗುರುತು ಬೆರಳಿಗೆ ತಾಗುತ್ತದೆ. ನನಗೆ ಬಹಳ ಹಿಡಿಸಿದ್ದು ಹಿಂದಿನ ಜಗುಲಿ. ಮರದ ದಿಮ್ಮಿಯೊಂದನ್ನು ಕೊರೆದು ಎರಡು ಬಾನಿ ಮಾಡಿದ್ದಾರೆ. ಮೇಲಿನ ಒರತೆಯಿಂದ ಮರದ ದೋಣಿಗಳ ಸಾಲಿನಲ್ಲಿ ನೀರು ಇಳಿದು ಬಂದು ಈ ಬಾನಿಗೆ ಬೀಳುತ್ತಿತ್ತು. ಮಲೆನಾಡಿನಲ್ಲಿ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರನ್ನು ಬಚ್ಚಲಿಗೆ ತರುತ್ತಿದ್ದರಲ್ಲ, ಥೇಟ್ ಅದೇ ಉಪಾಯ. ಸ್ವಲ್ಪ ಕೆಳಗೆ ಹೊಳೆಯ ದಂಡೆಯಲ್ಲಿ ಆತನ ಹಿಟ್ಟಿನ ಗಿರಣಿ, ನೀರಿನಿಂದ ತಿರುಗುವಂಥದು. ಆ ಜಮೀನಿನಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಮನೆಯ ಸುತ್ತ ಕಲ್ಲಿನ ರಾಶಿಗಳನ್ನು ನೋಡಿದಾಗ, ಅಲ್ಲಿ ಒಂದೊಂದು ಬುಡ ಮೆಕ್ಕೆಜೋಳಕ್ಕೂ ಎಷ್ಟು ಬೆನ್ನು ಬಾಗಿರಬೇಕೆಂದು ತಿಳಿಯುತ್ತದೆ. ಇದನ್ನೆಲ್ಲ ಸುತ್ತಿ ಬರುವ ಕಾಲುದಾರಿ ಒಂದೂಕಾಲು ಕಿಲೋಮೀಟರೂ ಇಲ್ಲ.

ಆದರೆ ಒಂದೇ ಒಂದು ಮನೆ ನೋಡಲು ಸಮಯವಿದೆ ಎಂದರೆ ನಾನು ಕಳಿಸುವುದು ವಾಕರ್ ಸೋದರಿಯರ ಮನೆಗೆ. ಮೆಟ್‌ಕಾಫ್ ಬಾಟಮ್ಸ್ ಎಂಬಲ್ಲಿ ಕಾರು ನಿಲ್ಲಿಸಿ ಹೊಳೆ ದಾಟಿ ನಡೆಯಬೇಕು. ಮೊದಲು 1882ರಲ್ಲಿ ಕಟ್ಟಿದ ಲಿಟಲ್ ಗ್ರೀನ್‌ಬ್ರಯರ್ ಶಾಲೆ ಸಿಗುತ್ತದೆ. ದಿಮ್ಮಿಯ ಗೋಡೆಯ ಒಂದೇ ಕೋಣೆ, ಎದುರಿಗೆ ಪುಟ್ಟ ಸ್ಮಶಾನ. ಅಲ್ಲಿನ ಕಲ್ಲುಗಳಲ್ಲಿ ಎಳೆಯ ಮಕ್ಕಳವು ಬಹಳ. ಶಾಲೆಯಿಂದ ಮುಂದೆ ಹತ್ತಿರ ಹತ್ತಿರ ಎರಡು ಕಿಲೋಮೀಟರು ಹಳೆಯ ಗಾಡಿದಾರಿ. ಕೊನೆಗೆ ಬಯಲು, ಒರತೆಯ ಮೇಲೆ ಕಟ್ಟಿದ ಪುಟ್ಟ ಕೊಠಡಿ, ಜೋಳದ ಕಣಜ, ಮನೆ.

ಜಾನ್ ವಾಕರ್ ಎಂಬುವನಿಗೆ ಹನ್ನೊಂದು ಮಕ್ಕಳು, ಏಳು ಹೆಣ್ಣು, ನಾಲ್ಕು ಗಂಡು. ಗಂಡುಮಕ್ಕಳು ಬೇರೆ ಸಂಸಾರ ಹೂಡಿದರು, ಒಬ್ಬ ಮಗಳು ಮದುವೆಯಾಗಿ ಹೋದಳು. ತಂದೆ 1921ರಲ್ಲಿ ತೀರಿಕೊಂಡ ಮೇಲೆ ಮದುವೆಯಾಗದ ಹೆಣ್ಣುಮಕ್ಕಳು ಅಲ್ಲೇ ಬೇಸಾಯ ಮಾಡಿಕೊಂಡು ಉಳಿದರು. ಉದ್ಯಾನದವರು ಜಮೀನು ಕೇಳಿದಾಗ ಅವರಲ್ಲಿ ಉಳಿದಿದ್ದವರು ಐದು ಮಂದಿ: ಮಾರ್ಗರೆಟ್, ಪಾಲಿ, ಮಾರ್ಥಾ, ಲೂಯಿಸಾ, ಹೆಟ್ಟಿ. ಕುರಿ ಸಾಕುತ್ತಿದ್ದರು, ಉಣ್ಣೆ ನೂಲುತ್ತಿದ್ದರು, ತಮ್ಮ ಬಟ್ಟೆ ತಾವೇ ನೇಯುತ್ತಿದ್ದರು. ಗಾಳಿ ಬಾರದಂತೆ ಒಳಗೋಡೆಗೆ ಪತ್ರಿಕೆಯ ಹಾಳೆಗಳನ್ನು ಅಂಟಿಸಿದ್ದರು. ಅವರು ಜಮೀನು ಬಿಡಲು ಒಪ್ಪಲಿಲ್ಲ. ಅಕ್ಕಪಕ್ಕದ ಮನೆಗಳು ಒಂದೊಂದಾಗಿ ಖಾಲಿಯಾದರೂ ಒಪ್ಪಲಿಲ್ಲ. ಉದ್ಯಾನ ಅರ್ಪಣೆಯಾದ ಮೇಲೆ, 1940 ಕಳೆದು 41 ಬರುವ ಹೊತ್ತಿಗೆ, ನೂರಿಪ್ಪತ್ತಮೂರು ಎಕರೆಯಷ್ಟು ಜಮೀನಿಗೆ 4,750 ಡಾಲರ್ ತೆಗೆದುಕೊಂಡರು. ಷರತ್ತು ಒಂದೇ: ಬದುಕಿರುವವರೆಗೆ ಆ ಮನೆಯಲ್ಲಿ ಇರುವ ಹಕ್ಕು.

ಮನೆ ಉಳಿಯಿತು, ಆದರೆ ಸುತ್ತಣ ಬದುಕು ಉಳಿಯಲಿಲ್ಲ. ಬೇಟೆ ಇಲ್ಲ, ಮೀನು ಹಿಡಿಯುವಂತಿಲ್ಲ, ಕಾಡಿನಿಂದ ಸೌದೆ ಕಡಿಯುವಂತಿಲ್ಲ. 1946ರಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಎಂಬ ಜನಪ್ರಿಯ ಪತ್ರಿಕೆ ಅವರ ಮೇಲೆ ಲೇಖನ ಬರೆಯಿತು, ನೋಡಲು ಜನ ಬರತೊಡಗಿದರು. ಸೋದರಿಯರು ಬಂದವರನ್ನು ಕೂರಿಸಿ ಮಾತಾಡಿಸಿದರು. ಸೇಬಿನ ಕಡುಬು ಕರಿದು ಮಾರಿದರು, ಹೆಣೆದ ಕಸೂತಿ ಮಾರಿದರು, ಲೂಯಿಸಾ ತಾನು ಬರೆದ ಪದ್ಯಗಳನ್ನು ಕೈಬರಹದಲ್ಲೇ ಮಾರಿದಳು. ತಮ್ಮ ಮನೆಯನ್ನು ಉದ್ಯಾನದವರು ತೆಗೆದುಕೊಂಡದ್ದರ ಬಗ್ಗೆಯೂ ಆಕೆ ಪದ್ಯ ಕಟ್ಟಿದ್ದಾಳೆ. ವರ್ಷಗಳು ಕಳೆದು ಮಾರ್ಗರೆಟ್, ಲೂಯಿಸಾ ಇಬ್ಬರೇ ಆದರು. ಆಗ ಅವರು ಉದ್ಯಾನದ ಅಧಿಕಾರಿಗೆ ಒಂದು ಕಾಗದ ಬರೆದರು: ಹೆದ್ದಾರಿಯಲ್ಲಿ ನಮ್ಮ ಮನೆಯ ದಾರಿ ತೋರುವ ಫಲಕವನ್ನು ದಯವಿಟ್ಟು ತೆಗೆಸಿ, ನಮಗೆ ವಯಸ್ಸಾಯಿತು, ಇಷ್ಟೊಂದು ಜನರನ್ನು ನೋಡಿಕೊಳ್ಳಲು ಆಗುತ್ತಿಲ್ಲ ಎಂದು. ಬಂದ ಅತಿಥಿಯನ್ನು ವಿಚಾರಿಸದೆ ಕಳಿಸುವುದು ಅವರಿಗೆ ಗೊತ್ತಿರಲಿಲ್ಲ. ಅದಕ್ಕೇ ಫಲಕ ತೆಗೆಸಿ ಎಂದು ಬೇಡಿಕೊಂಡದ್ದು. ಲೂಯಿಸಾ 1964ರಲ್ಲಿ ತೀರಿಕೊಂಡಳು. ಅಲ್ಲಿಗೆ ಆ ಒಲೆ ಆರಿತು.

ಕೇಡ್ಸ್ ಕೋವ್ ಎಂಬ ಕಣಿವೆಯ ಬಗ್ಗೆ ನನಗೊಂದು ತಕರಾರಿದೆ. ನಮ್ಮವರು ಹೆಚ್ಚಾಗಿ ಹೋಗುವುದು ಅಲ್ಲಿಗೇ, ಏಕೆಂದರೆ ಕಾರಿನಿಂದ ಇಳಿಯದೆ ಹನ್ನೊಂದು ಮೈಲಿಯ ವರ್ತುಲ ರಸ್ತೆಯಲ್ಲಿ ಎಲ್ಲವನ್ನೂ ನೋಡಬಹುದು. ಸುತ್ತ ಬೆಟ್ಟ, ನಡುವೆ ವಿಶಾಲವಾದ ಹುಲ್ಲುಗಾವಲು, ಅಲ್ಲಲ್ಲಿ ದಿಮ್ಮಿ ಮನೆ, ಚರ್ಚು. ನೋಟವೇನೋ ಸೊಗಸು. ಆದರೆ 1850ರಲ್ಲೇ ಅಲ್ಲಿ ಸುಮಾರು 680 ಜನ ಇದ್ದರು. 1890ರ ದಶಕದಲ್ಲಿ ಊರಿನವರೇ ಸೇರಿ ಪಟ್ಟಣದವರೆಗೆ ಟೆಲಿಫೋನ್ ತಂತಿ ಎಳೆದಿದ್ದರು. ಹಲಗೆ ಹೊಡೆದು ಬಣ್ಣ ಬಳಿದ ಹೊಸ ರೀತಿಯ ಮನೆಗಳು, ಅಂಗಡಿಗಳು ಇದ್ದವು. ಉದ್ಯಾನವಾದ ಮೇಲೆ ಅಧಿಕಾರಿಗಳು ಆ ಹೊಸ ಮನೆಗಳನ್ನು ಬಹುಮಟ್ಟಿಗೆ ಕೆಡವಿಸಿ, ಹಳೆಯ ದಿಮ್ಮಿ ಮನೆಗಳನ್ನು ಮಾತ್ರ ಉಳಿಸಿದರು. ಕೆಲವನ್ನು ಬೇರೆಡೆಯಿಂದ ಬಿಚ್ಚಿ ತಂದು ಅಲ್ಲಿನ ಹಿಟ್ಟಿನ ಗಿರಣಿಯ ಸುತ್ತ ನಿಲ್ಲಿಸಿದರು. ಇದರಿಂದಾಗಿ ಇಂದು ನೋಡುವವರಿಗೆ, ಇಲ್ಲಿನ ಜನ ಹೊರಗಿನ ಲೋಕ ಕಾಣದೆ ನೂರು ವರ್ಷ ಒಂದೇ ರೀತಿ ಬದುಕಿದ್ದರು ಎನ್ನಿಸುತ್ತದೆ. ಅದು ನಿಜವಲ್ಲ. ಆ ಕಣಿವೆಯ ಮೊದಲ ನೆಲೆಸಿಗನ ವಂಶದ ಜಾನ್ ಡಬ್ಲ್ಯು. ಆಲಿವರ್ ಟಪಾಲು ಹಂಚುತ್ತಿದ್ದವರು, ಚರ್ಚಿನ ಬೋಧಕರು, ಪ್ರವಾಸಿಗಳಿಗೆ ವಸತಿಗೃಹ ನಡೆಸುತ್ತಿದ್ದವರು. ಜಮೀನು ಉಳಿಸಿಕೊಳ್ಳಲು ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿ ಸೋತರು. 1937ರ ಡಿಸೆಂಬರಿನಲ್ಲಿ ಕಣಿವೆ ಬಿಟ್ಟರು. ಅಂಥವರ ಮನೆಯನ್ನು ಅಳಿಸಿ ಅಜ್ಜನ ಮನೆಯನ್ನು ತೋರಿಸಿದರೆ, ಹೋದವರು ಯಾರೆಂಬುದೇ ಮರೆತುಹೋಗುತ್ತದೆ. ಅದಕ್ಕೇ ನನಗೆ, ಯಾರೂ ಸಿಂಗರಿಸದೆ ಬಿಟ್ಟ ಪೋರ್ಟರ್ಸ್ ಕ್ರೀಕಿನ ಪೌಳಿಗಳು ಕೇಡ್ಸ್ ಕೋವಿನ ಒಪ್ಪವಾದ ಮನೆಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹ ಎನ್ನಿಸುತ್ತವೆ.

ಹೋದವರ ದನಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1937ರಲ್ಲಿ ಜೋಸೆಫ್ ಸಾರ್ಜೆಂಟ್ ಹಾಲ್ ಎಂಬ ತರುಣ ವಿದ್ಯಾರ್ಥಿಯನ್ನು ರಾಷ್ಟ್ರೀಯ ಉದ್ಯಾನ ಇಲಾಖೆ ಬೇಸಿಗೆಯ ಕೆಲಸಕ್ಕೆ ಕರೆದುಕೊಂಡಿತು. ಊರು ಬಿಡುತ್ತಿರುವವರ ಮಾತನ್ನು ಬರೆದಿಟ್ಟುಕೊಳ್ಳುವುದು ಆತನ ಕೆಲಸ. ಎರಡು ವರ್ಷದ ಮೇಲೆ ಹಾಲ್ ಧ್ವನಿಮುದ್ರಣ ಯಂತ್ರವನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಮತ್ತೆ ಬೆಟ್ಟ ಹತ್ತಿದರು. ವಿದ್ಯುತ್ ಇಲ್ಲದ ಕಡೆ ಬ್ಯಾಟರಿಯಿಂದ ನಡೆಸಿ, ತಟ್ಟೆಗಳ ಮೇಲೆ ಮುದುಕರ ಕರಡಿ ಬೇಟೆಯ ಕಥೆಗಳನ್ನು, ಲಾವಣಿಗಳನ್ನು, ಪಿಟೀಲು ಬ್ಯಾಂಜೊ ವಾದನವನ್ನು ಹಿಡಿದಿಟ್ಟರು. ಆ ಹಾಡುಗಳ ಒಂದು ಸಂಪುಟ 2010ರಲ್ಲಿ ಬಿಡುಗಡೆಯಾಯಿತು. ಮನೆ ಕೆಡವುವ ಆಜ್ಞೆ ಹೊರಡಿಸಿದ್ದೂ ಆ ದನಿಗಳನ್ನು ಕಾಪಿಡಲು ಹೇಳಿದ್ದೂ ಒಂದೇ ಇಲಾಖೆ. ದನಿಗಳನ್ನು ಉಳಿಸಿದ್ದಕ್ಕಾಗಿ ಆ ಇಲಾಖೆಯ ಬಗ್ಗೆ ನನಗೆ ಗೌರವವಿದೆ, ನೋವು ಅದರಿಂದ ಕಡಿಮೆಯಾಗದಿದ್ದರೂ.

ಬೆಟ್ಟದ ಇನ್ನೊಂದು ಬದಿಯಲ್ಲಿ, ನಾರ್ತ್ ಕ್ಯಾರೊಲಿನಾದಲ್ಲಿ, ನಡೆದದ್ದು ನಮ್ಮ ಶರಾವತಿ ಕೊಳ್ಳದವರಿಗೆ ಚೆನ್ನಾಗಿ ಅರ್ಥವಾಗುವಂಥದು. ಎರಡನೆಯ ಮಹಾಯುದ್ಧ ನಡೆದಿತ್ತು, ಅಲ್ಯುಮಿನಿಯಂ ತಯಾರಿಕೆಗೆ ವಿದ್ಯುತ್ ಬೇಕಾಗಿತ್ತು. 1942ರಲ್ಲಿ ಫೊಂಟಾನಾ ಅಣೆಕಟ್ಟಿನ ಕೆಲಸ ಶುರುವಾಗಿ, 1944ರ ಕೊನೆಗೆ ಕಣಿವೆಯಲ್ಲಿ ನೀರು ತುಂಬತೊಡಗಿತು. ಊರುಗಳ ಜೊತೆಗೆ ದಾರಿಯೂ ಮುಳುಗಿತು. ಹಿನ್ನೀರಿನ ಉತ್ತರ ದಂಡೆಯ ಜಮೀನು ನೀರಿಗೆ ಸಿಗಲಿಲ್ಲ, ಆದರೆ ಅಲ್ಲಿಗೆ ಹೋಗುವ ರಸ್ತೆಯೇ ಇಲ್ಲವಾದ್ದರಿಂದ ಆ ಜನರೂ ಮನೆ ಬಿಡಬೇಕಾಯಿತು, ಜಮೀನು ಉದ್ಯಾನಕ್ಕೆ ಸೇರಿತು. ಹೊಸ ರಸ್ತೆ ಮಾಡಿಕೊಡುತ್ತೇವೆ, ನಿಮ್ಮ ಹಿರಿಯರ ಸಮಾಧಿಗಳಿಗೆ ಹೋಗಿ ಬರಬಹುದು ಎಂದು 1943ರಲ್ಲಿ ಸರ್ಕಾರ ಒಪ್ಪಂದ ಬರೆದುಕೊಟ್ಟಿತು. ಬ್ರೈಸನ್ ಸಿಟಿ ಕಡೆಯಿಂದ ಹತ್ತು ಕಿಲೋಮೀಟರಿನಷ್ಟು ರಸ್ತೆಯಾಯಿತು, ಒಂದು ಸುರಂಗವಾಯಿತು, ಕೆಲಸ ನಿಂತಿತು. ಅಗೆದ ಬಂಡೆಯಿಂದ ಆಮ್ಲ ಸೋರಿ ತೊರೆಗಳು ಕೆಡುತ್ತವೆ ಎಂಬುದು ಒಂದು ಕಾರಣ. ಸುರಂಗ ಇಂದಿಗೂ ಇದೆ, ಆಚೆ ಬರೀ ಕಾಲುದಾರಿ. ಊರಿನವರು ಅದನ್ನು ಎಲ್ಲಿಗೂ ಹೋಗದ ರಸ್ತೆ ಎಂದೇ ಕರೆಯುತ್ತಾರೆ. ಕೊನೆಗೆ 2010ರಲ್ಲಿ, ರಸ್ತೆಯ ಬದಲು ಐದು ಕೋಟಿ ಇಪ್ಪತ್ತು ಲಕ್ಷ ಡಾಲರ್ ಪರಿಹಾರ ಕೊಡುವುದೆಂದು ಅಲ್ಲಿನ ಕೌಂಟಿಯ, ಅಂದರೆ ಜಿಲ್ಲೆಯ, ಜೊತೆ ರಾಜಿಯಾಯಿತು.

ಇತ್ತ ನಮ್ಮ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿದ್ದು 1964ರಲ್ಲಿ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುವುದನ್ನು ನೋಡಲು ಜನ ಹೋಗುತ್ತಾರೆ. ಮುಳುಗಡೆಯವರ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಸ್ಮೋಕಿ ಬೆಟ್ಟಗಳಲ್ಲಾದರೂ ಒಂದು ಏರ್ಪಾಡು ಮಾಡಿದ್ದಾರೆ, ಅದು ನನ್ನ ಮನಸ್ಸಿಗೆ ಬಹಳ ತಟ್ಟಿತು. ಉದ್ಯಾನದೊಳಗೆ ನೂರೈವತ್ತಕ್ಕೂ ಹೆಚ್ಚು ಸ್ಮಶಾನಗಳಿವೆ. ಉತ್ತರ ದಂಡೆಯ ಸ್ಮಶಾನಗಳಿಗೆ ಹೋಗಲು 1970ರ ದಶಕದ ಕೊನೆಯಿಂದ ಉದ್ಯಾನದವರೇ ದೋಣಿಯ ವ್ಯವಸ್ಥೆ ಮಾಡುತ್ತಾರೆ. ಬೇಸಿಗೆಯ ಗೊತ್ತಾದ ದಿನಗಳಲ್ಲಿ ಹಳೆಯ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಹಿನ್ನೀರು ದಾಟಿ, ಬೆಟ್ಟ ಹತ್ತಿ, ಸಮಾಧಿಗಳ ಮೇಲಿನ ತರಗೆಲೆ ಗುಡಿಸುತ್ತಾರೆ, ಮಣ್ಣು ಏರಿಸುತ್ತಾರೆ, ಹೂ ಇಡುತ್ತಾರೆ, ಹಾಡುತ್ತಾರೆ. ಆಮೇಲೆ ಬುತ್ತಿ ಬಿಚ್ಚಿ ಎಲ್ಲರೂ ಕೂತು ಊಟ ಮಾಡುತ್ತಾರೆ.

ಹೋಗುವವರಿಗೆ ಕೆಲವು ಮಾತು. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಆದರೆ 2023ರಿಂದ, ಕಾರನ್ನು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪಾರ್ಕಿಂಗ್ ಚೀಟಿ ಕೊಳ್ಳಬೇಕು. ಕಾಲುದಾರಿಗಳ ಒಟ್ಟು ಉದ್ದ ಸಾವಿರದ ಮುನ್ನೂರು ಕಿಲೋಮೀಟರಿನಷ್ಟು, ಆದ್ದರಿಂದ ಹೊರಡುವ ಮೊದಲು ಮಾಹಿತಿ ಕೇಂದ್ರದಲ್ಲಿ ನಕ್ಷೆ ಕೇಳಿ ಪಡೆಯಿರಿ. ಬೆಟ್ಟದೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ಪಾಳುಗೋಡೆಯ ಸಂದಿಗೆ ಕೈ ಹಾಕಬೇಡಿ, ಅಲ್ಲಿ ವಿಷದ ಹಾವುಗಳು ಇರುತ್ತವೆ. ಮೊಮ್ಮಕ್ಕಳು ಹೊಳೆಯ ಕಲ್ಲುಗಳನ್ನು ಎತ್ತಿ ಪೇರಿಸಲು ಹೊರಟರೆ ತಡೆಯಿರಿ, ಆ ಕಲ್ಲಿನ ಕೆಳಗೆ ಸಾಲಮ್ಯಾಂಡರ್ ಎಂಬ ಉಭಯವಾಸಿಗಳು ಮೊಟ್ಟೆ ಇಡುತ್ತವೆ. ಬಿದ್ದ ಮಡಕೆಯ ಚೂರು, ತುಕ್ಕು ಹಿಡಿದ ಮೊಳೆ, ಏನು ಸಿಕ್ಕರೂ ಸಿಕ್ಕಲ್ಲೇ ಬಿಡಿ; ಒಯ್ಯುವುದು ಅಪರಾಧ. ಎಲ್ಲಕ್ಕಿಂತ ಹೆಚ್ಚಾಗಿ, ದಿಮ್ಮಿ ಗೋಡೆಗಳ ಮೇಲೆ ಹೆಸರು ಕೆತ್ತಬೇಡಿ. ಎಷ್ಟೋ ಮನೆಗಳ ಒಳಗೋಡೆ ಬಂದವರ ಹೆಸರುಗಳಿಂದ ಗಾಯಗೊಂಡಿದೆ, ಕಟ್ಟಿದವರ ಹೆಸರು ಮಾತ್ರ ಅಲ್ಲೆಲ್ಲೂ ಇಲ್ಲ. ಪಾಳುಮನೆ ನೋಡುವ ಆಸೆಯಿದ್ದರೆ ಮಾರ್ಚ್ ತಿಂಗಳ ಕೊನೆಗೆ ಹೋಗಿ. ಮರಗಳು ಇನ್ನೂ ಚಿಗುರಿರುವುದಿಲ್ಲ, ಹೊಗೆಗೂಡುಗಳು ದೂರದಿಂದಲೇ ಕಾಣುತ್ತವೆ.